ಹಿಪ್ಪುನೇರಳೆ ತೋಟದ ಎರಡು ಸಾಲು

ಜುಲೈ ಹದಿಮೂರು, ಭಾನುವಾರ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ನಾನು ನನ್ನ ಅಮ್ಮನ ಹಿಂದೆ ಕದ್ದು ನಡೆಯುತ್ತಿದ್ದೆ.

ನಗಬೇಡಿ. ಮೂವತ್ತು ಹೆಜ್ಜೆ ಅಂತರ ಬಿಟ್ಟಿದ್ದೆ, ಚಪ್ಪಲಿ ಸದ್ದಾಗದಂತೆ ರಸ್ತೆಯ ಪಕ್ಕದ ಮಣ್ಣಿನಲ್ಲೇ ಕಾಲಿಡುತ್ತಿದ್ದೆ. ಮುಳಬಾಗಿಲಿನ ಬೆಟ್ಟ ಇನ್ನೂ ಮಂಜಿನೊಳಗೆ ಮಲಗಿತ್ತು. ಹೈವೇಯ ಲಾರಿಗಳ ಸದ್ದು ಪಕ್ಕದ ಮನೆಯವರ ಗೊರಕೆಯ ಹಾಗೆ ಮೆತ್ತಗೆ ಬಂದು ಹೋಗುತ್ತಿತ್ತು. ಮುಂದೆ ಅಮ್ಮ, ತಲೆಗೆ ಸೆರಗು, ಕೈಯಲ್ಲಿ ಏನೂ ಇಲ್ಲ. ಮಂಜಿನಲ್ಲಿ ಅವಳು ಒಮ್ಮೊಮ್ಮೆ ಕಾಣಿಸದೇ ಹೋಗುತ್ತಿದ್ದಳು. ಮತ್ತೆ ಕಂಡಾಗ ಇನ್ನಷ್ಟು ಚಿಕ್ಕವಳಾಗಿ, ಎಲ್ಲಿಗೋ ಗುಟ್ಟಾಗಿ ಹೊರಟ ಹುಡುಗಿಯಂತೆ ಕಾಣುತ್ತಿದ್ದಳು.

ಅರವತ್ತೊಂದು ವರ್ಷದ ಅಮ್ಮನನ್ನು ಮಗ ಯಾಕೆ ಹೀಗೆ ಹಿಂಬಾಲಿಸಬೇಕು?

ಹಿಂದಿನ ದಿನ ಸಂಜೆ ಏಳೂ ಹತ್ತಕ್ಕೆ ಬಂದ ಒಂದು ಫೋನ್ ಕಾಲ್‌ನಿಂದ.

ಏಪ್ರಿಲ್‌ನಲ್ಲಿ ಪೇಪರಿನ ಇದೇ ಅಂಕಣದಲ್ಲಿ ನಾನು ಬರೆದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ನಮ್ಮ ಮನೆಯಲ್ಲಿ ಮೂರು ಜನ: ನಾನು, ಹೆಂಡತಿ ವೀಣಾ, ಅಮ್ಮ. ಹಾಲು, ಬೇಳೆ, ತರಕಾರಿ, ಎಣ್ಣೆ ಎಲ್ಲ ಸೇರಿ ತಿಂಗಳಿಗೆ ಐದು ಸಾವಿರದ ಇನ್ನೂರು ರೂಪಾಯಿ. ಹೇಗೆ ಸಾಧ್ಯ ಅಂತ ಒಂದು ಪುಟ ಬರೆದಿದ್ದೆ. ಲಿಸ್ಟ್ ಇಲ್ಲದೆ ಅಂಗಡಿಗೆ ಹೋಗಬಾರದು. ಸಂತೆಗೆ ಹೊತ್ತು ಮುಳುಗುವಾಗ ಹೋಗಬೇಕು. ಸಾರಿನ ಪುಡಿ ಮನೆಯಲ್ಲೇ ಹುರಿದು ಮಾಡಿಸಬೇಕು. ಹೊರಗಡೆಯ ತಿಂಡಿ ತಿಂಗಳಿಗೆ ಒಂದೇ ಸಲ. ಹದಿನಾಲ್ಕು ಪತ್ರ ಬಂದವು, ಹದಿಮೂರರಲ್ಲಿ ಹೊಗಳಿಕೆ. (ಹದಿನಾಲ್ಕನೆಯವರು ನನ್ನ ಅಕ್ಷರತಪ್ಪುಗಳನ್ನು ಮಾತ್ರ ಎಣಿಸಿ ಕಳಿಸಿದ್ದರು.)

ಆ ಅಂಕಣವನ್ನು ಮಾಲೂರಿನಲ್ಲಿ ನನ್ನ ತಂಗಿಯ ಗಂಡನೂ ಓದಿದ್ದ. ಓದಿ, ಕತ್ತರಿಸಿ, ಫ್ರಿಜ್ ಬಾಗಿಲಿಗೆ ಅಂಟಿಸಿದ್ದ.

ಶನಿವಾರ ಸಂಜೆ ಫೋನ್ ಮಾಡಿದ್ದು ತಂಗಿ ಲತಾ. ಮೊದಲು ಮಗುವಿನ ಹಲ್ಲಿನ ಸುದ್ದಿ ಹೇಳಿದಳು. ಎಂಟು ತಿಂಗಳ ಹೆಣ್ಣು ಕೂಸು. ಆಮೇಲೆ ಕೇಳಿದಳು:

"ಅಣ್ಣಾ, ನೀನು ಬರೆದಿದ್ದೆಲ್ಲ ನಿಜಾನಾ?"

"ಯಾಕೆ?"

"ನಾನೂ ಹಂಗೇ ಮಾಡ್ತಾ ಇದೀನಿ. ಲಿಸ್ಟ್ ಮಾಡ್ತೀನಿ, ಸಂಜೆ ಸಂತೆಗೆ ಹೋಗ್ತೀನಿ. ಆದ್ರೂ ಇಪ್ಪತ್ತನೇ ತಾರೀಖಿಗೆ ಮುಗ್ದೋಗುತ್ತೆ. ಇವ್ರು ದಿನಾ ಫ್ರಿಜ್ ತೋರಿಸ್ತಾರೆ. ನಿಮ್ಮಣ್ಣನ ಮನೇಲಿ ಮೂರು ಜನ, ನಾವು ಎರಡೂವರೆ, ನಮಗೆ ಇನ್ನೂ ಕಡಿಮೆ ಆಗ್ಬೇಕಲ್ವಾ ಅಂತಾರೆ. ನನ್ ಕೈಯೇ ದೊಡ್ದಂತೆ."

"ನೀನೇನು ಮಾಡ್ದೆ?"

"ಏನ್ ಮಾಡ್ಲಿ, ಮೊಟ್ಟೆ ಬಿಟ್ಟೆ. ಹಾಲು ಅರ್ಧ ಲೀಟರ್ ಮಾಡ್ದೆ. ಅದು ಇವ್ರ ಕಾಫಿಗೇ ಸರಿಹೋಗುತ್ತೆ."

ಎದೆಹಾಲು ಕುಡಿಸುವ ಹುಡುಗಿ. ನನ್ನ ಒಂದು ಪುಟದಿಂದಾಗಿ ಮೊಟ್ಟೆ ಬಿಟ್ಟಿದ್ದಾಳೆ.

ಮಂಜುನಾಥ (ತಂಗಿಯ ಗಂಡ) ಕೆಟ್ಟವನಲ್ಲ. ಸೈಟು ಕೊಳ್ಳುವ ಆಸೆಗೆ ಬಿದ್ದವನು, ಅಷ್ಟೆ. ಅಚ್ಚಾದದ್ದನ್ನು ನಂಬುವವನು. ಹಾಗಾದರೆ ತಪ್ಪು ಯಾರದು?

ಫೋನ್ ಇಟ್ಟವನೇ ನನ್ನ ಲೆಕ್ಕದ ಪುಸ್ತಕ ತೆಗೆದೆ. ಮೇ, ಜೂನ್ ಎರಡೂ ತಿಂಗಳು ಸಾಲು ಸಾಲಾಗಿ ಓದಿದೆ. ಏಪ್ರಿಲ್ ಅಂಕಣದ ಲೆಕ್ಕ ಮಾರ್ಚ್‌ನದು, ಆಗ ಟೊಮೆಟೊ ಕೇಳುವವರಿರಲಿಲ್ಲ. ಆಮೇಲೆ ರೇಟು ಏರಿತು, ಬೀನ್ಸ್ ಏರಿತು, ಬೇಳೆಯೂ ಏರಿತು. ನಮ್ಮ ಮೊತ್ತ ಮಾತ್ರ ಐದು ಸಾವಿರದ ಇನ್ನೂರನ್ನು ದಾಟಿಲ್ಲ! ನನ್ನ ಶಿಸ್ತು ಎಂದುಕೊಂಡಿದ್ದೆ. ಬೆರಳಿಟ್ಟು ನೋಡಿದಾಗ ಜೂನ್ ತಿಂಗಳಲ್ಲಿ ಒಂದೇ ಎಂಟ್ರಿ ಹತ್ತೊಂಬತ್ತು ಸಲ ಬಂದಿತ್ತು: "ಬೆರಕೆ ಸೊಪ್ಪು, ಉಚಿತ."

ಬೆರಕೆ ಸೊಪ್ಪು ಅಂದರೆ ಯಾರೂ ಬಿತ್ತದೆ ಹೊಲದಲ್ಲಿ ತಾನಾಗಿ ಏಳುವ ಹತ್ತಾರು ಬಗೆಯ ಸೊಪ್ಪಿನ ಮಿಶ್ರಣ. ಅಣ್ಣೆ, ಗಣಿಕೆ, ಹೊನಗೊನೆ, ಕೀರೆ, ಇನ್ನೂ ನನಗೆ ಹೆಸರು ಗೊತ್ತಿಲ್ಲದವು. ಒಂದು ಹಿಡಿ ಬೇಳೆ, ನಾಲ್ಕು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಬೇಯಿಸಿ ಮಸೆದರೆ ಮಸೊಪ್ಪು. ಪಕ್ಕದಲ್ಲಿ ಬಿಸಿ ಮುದ್ದೆ. ಆ ದಿನ ತರಕಾರಿ ಬೇಡ, ಬೇಳೆಯೂ ಅರ್ಧ ಸಾಕು. ವಾರದಲ್ಲಿ ನಾಲ್ಕೈದು ದಿನ ನಮ್ಮ ಮನೆಯಲ್ಲಿ ಅದೇ. ನನಗೆ ಎಷ್ಟು ತಿಂದರೂ ಬೇಸರವಿಲ್ಲ. ಆ ಹಸಿರು ಆವಿ ಮುಖಕ್ಕೆ ಬಡಿದಾಗ ಮಳೆ ನಿಂತ ಹೊಲದ ಬದುವಿನ ಮೇಲೆ ಕೂತು ಉಣ್ಣುತ್ತಿದ್ದೇನೆ ಅನ್ನಿಸುತ್ತದೆ.

ಅಡುಗೆಮನೆಗೆ ಹೋಗಿ ಕೇಳಿದೆ. "ಅಮ್ಮಾ, ಈ ಸೊಪ್ಪು ಯಾರು ಕೊಡ್ತಾರೆ?"

"ಯಾರೋ ಕೊಡ್ತಾರೆ ಬಿಡೋ."

"ಯಾರೋ ಅಂದ್ರೆ?"

"ವಾಕಿಂಗ್ ಹೋಗ್ತೀನಲ್ಲ, ದಾರೀಲಿ ಸಿಗ್ತಾರೆ. ನಿನ್ ಪುಸ್ತಕಕ್ಕೆ ಅವ್ರ ಹೆಸರೂ ಬೇಕಾ?"

ಮೇ ತಿಂಗಳಿಂದ ಅವಳು ಬೆಳಿಗ್ಗೆ ವಾಕಿಂಗ್ ಹೋಗುತ್ತಾಳೆ. ಡಾಕ್ಟರು ಸಕ್ಕರೆ ಕಾಯಿಲೆಗೆ ಓಡಾಡಲು ಹೇಳಿದ್ದರು. ಅಮ್ಮ ಡಾಕ್ಟರ ಮಾತು ಕೇಳಿದ್ದು ಅದೇ ಮೊದಲ ಸಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹೀಗಾಗಿ ಭಾನುವಾರ ಬೆಳಿಗ್ಗೆ ಮೂವತ್ತು ಹೆಜ್ಜೆ ಅಂತರ.

ಅವಳು ಊರು ದಾಟಿ ತಾಯಲೂರು ದಾರಿಯಲ್ಲಿ ಸ್ವಲ್ಪ ದೂರ ನಡೆದು ಎಡಕ್ಕೆ ತಿರುಗಿದಳು. ಎರಡು ಹೊಂಗೆ ಮರ, ಅದರಾಚೆ ಹಿಪ್ಪುನೇರಳೆ ತೋಟ. ರೇಷ್ಮೆ ಹುಳುವಿಗೆ ಸೊಪ್ಪು ಬೆಳೆಯುವ ತೋಟ. ಅಲ್ಲಿ ಒಬ್ಬ ಹೆಂಗಸು ಆಗಲೇ ಸೊಪ್ಪು ಕೊಯ್ಯುತ್ತಿದ್ದರು. ತೋಟದ ಯಜಮಾನಿ ಮುನಿಯಮ್ಮ ಅಂತ ಆಮೇಲೆ ಗೊತ್ತಾಯಿತು.

"ಏಮಮ್ಮಾ ಸರೋಜಾ, ಈರೋಜು ಲೇಟಾಯ್ನೇ?" ಇವತ್ತು ತಡವಾಯ್ತಲ್ಲ ಎಂದರು, ನಮ್ಮ ಕಡೆಯ ತೆಲುಗಿನಲ್ಲಿ.

"ನಿದ್ರ ಪಟ್ಟೇಸಿಂದಿ ಅಕ್ಕಾ," ನಿದ್ದೆ ಹತ್ತಿಬಿಟ್ಟಿತು ಎಂದಳು ಅಮ್ಮ. ಸೆರಗನ್ನು ಸೊಂಟಕ್ಕೆ ಬಿಗಿದು ಮಡಿಲು ಮಾಡಿಕೊಂಡಳು. ಸಾಲಿನ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಕಳೆ ಕೀಳತೊಡಗಿದಳು.

ನಾನು ಹೊಂಗೆ ಮರದ ಬುಡದಲ್ಲಿ ಕೂತುಬಿಟ್ಟೆ. ಅಮ್ಮನ ಕೈ ನೋಡುತ್ತಾ ಕೂತೆ. ಗರಿಕೆ, ಹುಲ್ಲು ಎಡಕ್ಕೆ, ಹಸುವಿನ ಮೇವಿನ ಗುಡ್ಡೆಗೆ. ತಿನ್ನುವ ಸೊಪ್ಪಿನ ಕುಡಿ ಮಾತ್ರ ಮಡಿಲಿಗೆ. ಕಣ್ಣು ನೋಡುವ ಮೊದಲೇ ಬೆರಳು ಆರಿಸುತ್ತಿತ್ತು. ಎಲೆಗಳ ಮೇಲಿಂದ ಮಂಜು ತೊಟ್ಟಿಕ್ಕುತ್ತಿತ್ತು. ಎಲ್ಲೋ ನವಿಲು ಕೂಗಿತು. ಹಸಿ ಮಣ್ಣಿನ ವಾಸನೆಯಲ್ಲಿ ನನಗೆ ಅರೆನಿದ್ದೆ. ಕನಸಿನಂಥ ಆ ಹೊತ್ತಿನಲ್ಲಿ ನನ್ನ ಲೆಕ್ಕದ ಪುಸ್ತಕದ ಗೀಟುಗಳ ನಡುವೆ ಹುಲ್ಲು ಬೆಳೆದಂತೆ, ಅಮ್ಮ ಅಕ್ಷರಗಳ ಮಧ್ಯೆ ಕೂತು ಒಂದೊಂದೇ ಬೇರು ಕಿತ್ತು ಅಂಕಿಗಳಿಗೆ ಜಾಗ ಮಾಡಿಕೊಡುತ್ತಿರುವಂತೆ ಕಂಡಿತು. ಎಷ್ಟು ಹೊತ್ತು ಕೂತೆನೋ ತಿಳಿಯದು. ಎಲ್ಲಕ್ಕೂ ಗಂಟೆ ಬರೆದಿಡುವ ನನ್ನ ಡೈರಿಯಲ್ಲಿ ಆ ದಿನದ ಆ ಭಾಗಕ್ಕೆ ಗಂಟೆಯೇ ಇಲ್ಲ.

ಎಚ್ಚರಿಸಿದ್ದು ಮುನಿಯಮ್ಮ.

"ಎವರು ಬಾಬೂ ನುವ್ವು?" ಯಾರಪ್ಪ ನೀನು ಎಂದು ಗದರಿದವರು ಹತ್ತಿರ ಬಂದು ಕನ್ನಡಕ್ಕೆ ಇಳಿದರು. "ಏ ಸರೋಜಾ, ನಿನ್ ಮಗ ಅಲ್ವೇನೇ ಇವ್ನು? ಪೇಪರ್‌ನಾಗೆ ಲೆಕ್ಕ ಬರೀತಾನಲ್ಲ, ಆ ಲೆಕ್ಕದಪ್ಪ?"

ಅಮ್ಮ ತಲೆ ಎತ್ತಿದಳು. ಸಿಕ್ಕಿಬಿದ್ದದ್ದು ಅವಳೋ ನಾನೋ, ಇಬ್ಬರಿಗೂ ಗೊತ್ತಾಗಲಿಲ್ಲ.

"ಬಂದ್ಯಲ್ಲಪ್ಪ, ಬರ್ಕೋ ಬರ್ಕೋ," ಎಂದು ಮುನಿಯಮ್ಮ ನಕ್ಕರು. "ನಿಮ್ಮಮ್ಮ ದಿನಾ ಎರಡು ಸಾಲು ಕೀಳ್ತಾಳೆ. ಬ್ಯಾಡ ಕಣೇ, ಸೊಪ್ಪು ಹಂಗೇ ತಗೊಂಡೋಗು ಅಂದ್ರೆ ಕೇಳಲ್ಲ."

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಡೆ ಬೆರಕೆ ಸೊಪ್ಪಿಗೆ ಹೊಲದವರು ದುಡ್ಡು ಕೇಳುವುದಿಲ್ಲ, ಕೇಳುವುದು ನಾಚಿಕೆ. ಕೀಳುವವರು ಬರಿಗೈಯಲ್ಲಿ ಬಂದು ತುಂಬಿಕೊಂಡು ಹೋಗುವುದೂ ಇಲ್ಲ, ಅದು ಇನ್ನೂ ನಾಚಿಕೆ. ಕಳೆ ಕಿತ್ತವರಿಗೆ ಸೊಪ್ಪು. ಯಾರೂ ಬಾಯಿ ಬಿಟ್ಟು ಹೇಳದೆ ನಡೆಯುವ ವ್ಯವಹಾರ. ಅದರಲ್ಲೂ ಹಿಪ್ಪುನೇರಳೆ ತೋಟದ ಸೊಪ್ಪೇ ಆಗಬೇಕು. ಹುಳು ಸಾಯುತ್ತದೆಂದು ಅಲ್ಲಿ ಕಂಡಕಂಡ ಔಷಧಿ ಹೊಡೆಯುವುದಿಲ್ಲ. ಹುಳುವಿಗೆ ಒಳ್ಳೆಯದಾದದ್ದು ಮಗನಿಗೂ ಒಳ್ಳೆಯದು ಎಂದು ಅಮ್ಮ ಲೆಕ್ಕ ಹಾಕಿದ್ದಳು.

ಮನೆಗೆ ನಡೆಯುತ್ತಾ ಕೇಳಿದೆ. "ಈ ವಯಸ್ಸಲ್ಲಿ ಕೂಲಿಗೆ ಹೋಗೋ ಹಂಗಾಯ್ತಾ ಅಮ್ಮಾ?"

ಅವಳಿಗೆ ಸಿಟ್ಟು ಬಂತು. "ಕೂಲಿ ಅಂತ ಯಾವನೋ ಹೇಳಿದ್ದು? ಕೂಲಿ ಅಂದ್ರೆ ದುಡ್ಡು. ಇದು ಸೊಪ್ಪು."

"ಸರಿ, ಯಾಕೆ ಅಂತಾದ್ರೂ ಹೇಳು."

ಮಡಿಲಿನ ಗಂಟು ಬಿಗಿ ಮಾಡಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ನೀನು ಐದು ಸಾವಿರದ ಇನ್ನೂರು ಅಂತ ಪೇಪರ್‌ಗೆ ಹಾಕ್ಬಿಟ್ಟೆ. ಮುಂದಿನ ತಿಂಗಳೇ ಎಲ್ಲಾದ್ರ ರೇಟೂ ಹೆಂಗೋಯ್ತು ನೋಡ್ದಾ? ಊರೋರೆಲ್ಲ ಓದವ್ರೆ. ಸರೋಜಮ್ಮನ ಮಗ ಸುಳ್ಳು ಬರೆದ ಅನ್ನಿಸ್ಕೋಬೇಕಾ ನಾನು?"

ನಾನು ಬರೆದದ್ದು ಸುಳ್ಳಾಗಬಾರದೆಂದು ಎರಡು ತಿಂಗಳಿಂದ ಅದನ್ನು ನಿಜ ಮಾಡುತ್ತಾ ಬಂದಿದ್ದಳು. ಕುಕ್ಕರಗಾಲಿನಲ್ಲಿ ಕೂತು. ದಿನಕ್ಕೆ ಎರಡು ಸಾಲು.

ಮನೆಯಲ್ಲಿ ವೀಣಾಗೆ ಹೇಳಿದರೆ ಅವಳು ಕಾಫಿ ಸೋಸುತ್ತಾ, "ನಿಮಗೆ ಗೊತ್ತಿರ್ಲಿಲ್ವಾ?" ಎಂದಳು. "ಅತ್ತೆ ಉಗುರು ನೋಡಿದ್ರೆ ಸಾಕಲ್ರೀ. ನಾನು ಕೇಳ್ದೆ, ಅವನಿಗೆ ಹೇಳ್ಬೇಡ ಅಂತ ಆಣೆ ಹಾಕ್ಸಿದ್ರು. ನೀವು ಲೆಕ್ಕ ತಪ್ಪಿದ್ರೆ ಮಾತ್ರ ಕೇಳ್ತೀರಾ, ಸರಿ ಬಂದಾಗ ಯಾಕೆ ಬಂತು ಅಂತ ಯಾವತ್ತೂ ಕೇಳಲ್ಲ."

ಸಕ್ಕರೆ ಹಾಕಲು ಮರೆತಿದ್ದಳೋ, ಬೇಕೆಂದೇ ಹಾಕಲಿಲ್ಲವೋ. ಕಾಫಿ ಕಹಿಯಾಗಿತ್ತು. ಕುಡಿದೆ.

ಒಂಬತ್ತೂ ಇಪ್ಪತ್ತಕ್ಕೆ ಲತಾಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಆ ಕಡೆ ಮಗು ಏನೋ ಕುಟ್ಟುತ್ತಿತ್ತು. ಪರೀಕ್ಷೆಯಲ್ಲಿ ಪಾಸೋ ಫೇಲೋ ಎಂದು ಕೇಳುವವಳ ಹಾಗೆ ಲತಾ ಕೇಳಿದಳು:

"ಅಂದ್ರೆ ನನ್ ಕೈ ದೊಡ್ದಲ್ಲ, ಅಲ್ವಾ ಅಣ್ಣಾ?"

ಅಲ್ಲ ಎಂದೆ. ಅವಳ ಬಾಡಿಗೆ ಮನೆಯ ಸುತ್ತ ಇರುವುದು ಫ್ಯಾಕ್ಟರಿ ಕಾಂಪೌಂಡು, ಸಿಮೆಂಟ್ ರಸ್ತೆ. ಅಲ್ಲಿ ಕೀಳುವುದಕ್ಕೆ ಕಳೆಯಾದರೂ ಎಲ್ಲಿದೆ?

"ನೀನು ನನಗೆ ಹೇಳಿ ಏನ್ ಪ್ರಯೋಜನ?" ಎಂದಳು. "ನಾನು ಹೇಳಿದ್ರೆ ಇವ್ರು ನಂಬಲ್ಲ. ಪ್ರಿಂಟಾದ್ರೆ ನಂಬ್ತಾರೆ. ಬರಿ."

ಬರೆಯುತ್ತೇನೆ ಎಂದು ಅಮ್ಮನಿಗೆ ಹೇಳಿದಾಗ ಸೊಪ್ಪು ಬಿಡಿಸುತ್ತಿದ್ದ ಅವಳ ಕೈ ನಿಂತಿತು.

"ಬ್ಯಾಡ ಕಣೋ. ಮಗ ಸಂಬಳ ತಗೊಂಡು ತಾಯೀನ ಕಳೆ ಕೀಳೋಕೆ ಕಳ್ಸವ್ನೆ ಅಂತಾರೆ. ನಿನ್ ಮಾನ ಹೋಗುತ್ತೆ."

"ಲತಾ ಮೊಟ್ಟೆ ಬಿಟ್ಟವ್ಳೆ ಅಮ್ಮಾ. ಹಾಲೂ ಬಿಟ್ಟವ್ಳೆ. ನಮ್ಮ ಐದು ಸಾವಿರದ ಇನ್ನೂರು ನೋಡಿ."

ಇದು ಅವಳಿಗೆ ಗೊತ್ತಿರಲಿಲ್ಲ. ಮಡಿಲಲ್ಲಿದ್ದ ಸೊಪ್ಪನ್ನು ಮೊರಕ್ಕೆ ಸುರಿದಳು. ಕಿಟಕಿಯಾಚೆ ನೋಡುತ್ತಾ ಕೂತಳು. ಎಲೆಗಳ ಮೇಲಿನ ನೀರು ಇನ್ನೂ ಆರಿರಲಿಲ್ಲ, ಬಿಸಿಲು ಬಿದ್ದು ಮೊರದ ತುಂಬ ಮಿಣುಕು. ಅವಳು ಕಿಟಕಿಯಲ್ಲಿ ಏನು ನೋಡಿದಳೋ, ಮಾಲೂರನ್ನೋ, ಮೂವತ್ತು ವರ್ಷದ ಹಿಂದೆ ಲತಾಗೆ ಹಾಲು ಕುಡಿಸುತ್ತಿದ್ದ ತನ್ನನ್ನೋ, ನಾನು ಕೇಳಲಿಲ್ಲ.

"ಬರಿ," ಎಂದಳು ಕೊನೆಗೆ. "ಎರಡು ಸಾಲು ಅಂತ ಬರೀಬೇಡ. ಮೂರು ಅಂತ ಬರಿ. ಅವನಿಗೆ ಚೆನ್ನಾಗಿ ತಿಳೀಲಿ."

ಎರಡೇ ಸಾಲು, ಮಂಜುನಾಥ. ಜೂನ್ ತಿಂಗಳಲ್ಲಿ ಹತ್ತೊಂಬತ್ತು ದಿನ, ಒಟ್ಟು ಮೂವತ್ತೆಂಟು ಸಾಲು. ಏಪ್ರಿಲ್‌ನ ಆ ಪುಟದಲ್ಲಿರುವುದು ಮಾರ್ಚ್‌ನ ಲೆಕ್ಕ, ಆ ತಿಂಗಳಿಗೆ ಮಾತ್ರ ನಿಜ. ಆಮೇಲಿನದೆಲ್ಲ ನನ್ನ ಜಾಣತನವಲ್ಲ, ನಿನ್ನ ಅತ್ತೆಯ ಮಂಡಿ. ದಯವಿಟ್ಟು ಅದನ್ನು ಫ್ರಿಜ್‌ನಿಂದ ತೆಗೆದುಬಿಡು. ಫ್ರಿಜ್ ಒಳಗೆ ಆರು ಮೊಟ್ಟೆ ಇಡು.

ಅಮ್ಮ ವಾಕಿಂಗ್ ನಿಲ್ಲಿಸಿಲ್ಲ. ಬೇಡ ಎನ್ನುವ ಹಕ್ಕು ನನಗಿಲ್ಲ. ಮುನಿಯಮ್ಮನ ಜೊತೆಗಿನ ಆ ಒಂದು ಗಂಟೆಯ ತೆಲುಗು ಹರಟೆ ಅವಳಿಗೆ ಸಕ್ಕರೆ ಮಾತ್ರೆಗಿಂತ ಹೆಚ್ಚು ಕೆಲಸ ಮಾಡುತ್ತಿದೆ. ಈಗ ಭಾನುವಾರ ನಾನೂ ಹೋಗುತ್ತೇನೆ. ಒಂದು ಸಾಲು ಅವಳದು, ಒಂದು ನನ್ನದು. ಅವಳು ಸಾಲಿನ ಆ ತುದಿ ಮುಟ್ಟಿ ವಾಪಸು ಬರುವಾಗ ನಾನಿನ್ನೂ ಈ ತುದಿಯಲ್ಲೇ ಇರುತ್ತೇನೆ, ಎಲೆ ನೋಡುತ್ತಾ, ಇದು ಹೆಸರಿರುವ ಸೊಪ್ಪೋ ಬರೀ ಹುಲ್ಲೋ ಎಂದು ಯೋಚಿಸುತ್ತಾ. ಸಾರಿಗೆ ಹತ್ತು ಥರ ಸೊಪ್ಪು ಬೇಕಂತೆ. ನನಗೆ ಈವರೆಗೆ ಆರು ಗೊತ್ತಾಗಿದೆ.

ಪುಸ್ತಕದಲ್ಲಿ ಒಂದು ಹೊಸ ಕಾಲಂ ಗೀಟಿದ್ದೇನೆ. ತಲೆಬರಹ ಇನ್ನೂ ಖಾಲಿ. "ಕೂಲಿ" ಎಂದು ಬರೆದರೆ ಅಮ್ಮ ಪುಸ್ತಕ ಒಲೆಗೆ ಹಾಕುತ್ತಾಳೆ. "ಉಚಿತ" ಎಂದು ನಾನಿನ್ನು ಬರೆಯಲಾರೆ. ಹೋಳೂರು, ಶ್ರೀನಿವಾಸಪುರದ ಕಡೆ ಕಳೆ ಕಿತ್ತು ಸೊಪ್ಪು ಒಯ್ಯುವ ಈ ವ್ಯವಹಾರಕ್ಕೆ ಏನಾದರೂ ಹೆಸರಿದ್ದರೆ, ನಿಮ್ಮ ಮನೆಗಳಲ್ಲಿ ಯಾರಾದರೂ ಇದನ್ನು ಬರೆದಿಟ್ಟ ರೀತಿ ಇದ್ದರೆ, ತಿಳಿದವರು ದಯವಿಟ್ಟು ನನಗೊಂದು ಪತ್ರ ಹಾಕಿ. ಆದರೆ ಬರೆಯುವ ಮುಂಚೆ ಒಮ್ಮೆ, ನಿಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರನ್ನು ಕೇಳಿ ಬರೆಯುತ್ತೀರಾ?