ಖಾಲಿ ಕೊಡಬೇಕಾಗಿದ್ದ ತಟ್ಟೆ

ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಪಕ್ಕದ ಬೇಕರಿಯಲ್ಲಿ ಮೊನ್ನೆ ರಂಜಾನಿಗೆಂದು ಮಾಡಿದ ಬನ್ನು ಕೊಂಡೆ. ಮೇಲೆ ಎಳ್ಳು, ನಡುನಡುವೆ ಕರಿಜೀರಿಗೆ. ಕಾಫಿ ಹುರಿಯುವ ಮಷಿನ್ನಿಗೆ ಬೇರಿಂಗ್ ಹುಡುಕಿ ಅಲೆದು ಸುಸ್ತಾಗಿದ್ದೆ. ಕೊಪ್ಪದ ಬಸ್ಸು ಬರುವ ಸೂಚನೆಯೇ ಇರಲಿಲ್ಲ. ಬನ್ನು ಮುರಿದಾಗ ಎದ್ದ ಕರಿಜೀರಿಗೆಯ ಘಾಟಿಗೆ ಟರ್ಕಿಯ ಆ ಮನೆ, ಮೆಟ್ಟಿಲು, ಮೆಟ್ಟಿಲ ಮೇಲೆ ತಟ್ಟೆ ಹಿಡಿದು ನಿಂತ ಕೆಳಮನೆಯ ಅಜ್ಜಿ... ಎಲ್ಲ ಒಟ್ಟಿಗೆ ಬಂದವು. ಹೀಗೆ ಒಟ್ಟಿಗೆ ಬರುವುದನ್ನು ನಾನು ನಂಬುವುದಿಲ್ಲ. ನೆನಪು ಇಷ್ಟು ಅಚ್ಚುಕಟ್ಟಾಗಿದ್ದರೆ ಅದರಲ್ಲಿ ಅರ್ಧ ನನ್ನದೇ ಕೈಕೆಲಸ.

ನಮ್ಮ ಕಾಫಿ ತೋಟದ ಧಣಿಗಳು ಹುರಿಯುವ ಮಷಿನ್ ತರಿಸುವ ಮೊದಲು ಅದರ ರಿಪೇರಿ ಕಲಿತು ಬಾ ಎಂದು ನನ್ನನ್ನು ಟರ್ಕಿಯ ಇಜ್ಮಿರಿಗೆ ಕಳಿಸಿದ್ದರು. ನಾನು ಹೋಗುವುದಕ್ಕೂ ರಂಜಾನ್ ಶುರುವಾಗುವುದಕ್ಕೂ ಸರಿಹೋಯಿತು. ವರ್ಕ್‌ಶಾಪಿನಲ್ಲಿ ಹಗಲಿನ ಚಹಾ ನಿಂತಿತು. ನೀರು ಕುಡಿಯಬೇಡ ಎಂದು ಯಾರೂ ಹೇಳಲಿಲ್ಲ. ಆದರೂ ಮಷಿನ್ನಿನ ಹಿಂದೆ ಹೋಗಿ ಕುಡಿಯುತ್ತಿದ್ದೆ. ಸಂಜೆಯಾಗುತ್ತಿದ್ದಂತೆ ಮೇಸ್ತ್ರಿ ಸ್ಪ್ಯಾನರಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ. ಬೀದಿಯಲ್ಲಿ ಹಾರನ್ನುಗಳ ಗಲಾಟೆ, ಬೇಕರಿಗಳ ಮುಂದೆ ಬಿಸಿ ಪಿದೆಗೆ ಕ್ಯೂ. ಪಿದೆ ಅಂದರೆ ಚಪ್ಪಟೆ ಬ್ರೆಡ್ಡು, ಮೇಲೆ ಇದೇ ಕರಿಜೀರಿಗೆ. ಆಮೇಲೆ ಉಪವಾಸ ಬಿಡುವ ಹೊತ್ತಾಯಿತೆಂದು ಸಾರುವ ತೋಪಿನ ಸದ್ದು. ಇಡೀ ಊರು ಸುಮ್ಮನಾಗಿ, ತೆರೆದ ಕಿಟಕಿಗಳಿಂದ ಚಮಚಗಳ ಸದ್ದು ಮಾತ್ರ ಕೇಳುತ್ತಿತ್ತು.

ಆ ಹೊತ್ತಿಗೆ ಅಜ್ಜಿ ಮೊಣಕಾಲು ಹಿಡಿದುಕೊಂಡು ಮಹಡಿಯ ನನ್ನ ಬಾಡಿಗೆ ಕೋಣೆಗೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ನೀಲಿ ಅಂಚಿನ ತಟ್ಟೆಯಲ್ಲಿ ಪಿದೆ, ಆಲಿವ್ ಕಾಯಿ, ಪುದೀನ ಹಾಕಿದ ಬೇಳೆ ಸಾರಿನ ಬಟ್ಟಲು. ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನವೂ ಇರುತ್ತಿತ್ತು. ನಮ್ಮ ಪತ್ರೊಡೆಯ ದೂರದ ನೆಂಟ. ಮಾಂಸ ತಿನ್ನುವುದಿಲ್ಲ ಎಂದು ಮೊದಲ ದಿನವೇ ಕೈಸನ್ನೆಯಲ್ಲಿ ಹೇಳಿದ್ದೆ. "ಯೆ, ಯೆ" ಎನ್ನುತ್ತಿದ್ದರು. ತಿನ್ನು, ತಿನ್ನು. ನಾನು ಎರಡು ತುತ್ತು ತಿನ್ನುವವರೆಗೂ ಅಲ್ಲೇ ನಿಂತು ನೋಡುತ್ತಿದ್ದರು.

ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವುದು ನಮ್ಮಲ್ಲಿಲ್ಲ. ಮರುದಿನ ತಟ್ಟೆ ತೊಳೆದು, ಊರಿನಿಂದ ತಂದಿದ್ದ ಬೆಲ್ಲ ಇಟ್ಟು ಕೊಟ್ಟೆ. ಇನ್ನೊಂದು ದಿನ ಏಲಕ್ಕಿ. ಮತ್ತೊಂದು ದಿನ ಅವಲಕ್ಕಿ ಒಗ್ಗರಣೆ. ಅಜ್ಜಿಯ ಮುಖ ಪ್ರತಿಸಲ ಸ್ವಲ್ಪ ಇಳಿಯುತ್ತಿತ್ತು. ಅಥವಾ ಮುಂದೆ ಆದದ್ದನ್ನು ತಿಳಿದು ಈಗ ನಾನು ಅದನ್ನು ಇಳಿಸುತ್ತಿದ್ದೇನೆ...

ಕೊನೆಗೆ ಅವರ ಮಗಳು ಮೇಲೆ ಬಂದಳು. ಬ್ಯಾಂಕಿನಲ್ಲಿದ್ದವಳು, ಇಂಗ್ಲಿಷ್ ಬರುತ್ತಿತ್ತು. "ದಯವಿಟ್ಟು ತಟ್ಟೆಯಲ್ಲಿ ಏನೂ ಇಡಬೇಡ. ಅಮ್ಮ ನಿದ್ದೆ ಬಿಟ್ಟಿದ್ದಾರೆ."

"ಬೆಲ್ಲ ಹಿಡಿಸಲಿಲ್ಲವಾ?"

"ಹಿಡಿಸಿತು. ಸಕ್ಕರೆ ಕಾಯಿಲೆಯವರು, ಕದ್ದು ಮುಗಿಸಿದ್ದಾರೆ. ತೊಂದರೆ ಅದಲ್ಲ."

ಡಾಕ್ಟರು ಇನ್ನು ಮುಂದೆ ಉಪವಾಸ ಕೂಡದು ಎಂದಿದ್ದರಂತೆ. ಬುದ್ಧಿ ತಿಳಿದಾಗಿನಿಂದ ಬಿಡದೆ ಹಿಡಿದವರು. ಇನ್ನೆಂದೂ ಹಿಡಿಯಲಾರದವರು ಒಂದೊಂದು ದಿನಕ್ಕೆ ಪ್ರತಿಯಾಗಿ ಒಬ್ಬ ಬಡವನಿಗೆ ಉಣ್ಣಿಸಬೇಕು. ಅಜ್ಜಿ ನನ್ನನ್ನು ಆರಿಸಿಕೊಂಡಿದ್ದರು. ಬೇರೆ ಧರ್ಮದವನು, ಸಂಬಳವೂ ಇದೆ, ಇವನು ನಡೆಯುವುದಿಲ್ಲ ಎಂದು ಅವರ ತಮ್ಮ ಗದರಿದ್ದನಂತೆ. "ದೂರದಿಂದ ಬಂದು ಒಬ್ಬನೇ ಬೇಯಿಸಿಕೊಂಡು ತಿನ್ನುವವನಿಗಿಂತ ಬಡವ ಯಾರು?" ಎಂದು ಅಜ್ಜಿ ಕೇಳಿದ್ದರಂತೆ. ಆದರೆ ನಾನು ಬದಲಿಗೆ ಏನಾದರೂ ಕೊಟ್ಟರೆ ಅದು ಉಣ್ಣಿಸಿದ್ದಾಗುತ್ತಿರಲಿಲ್ಲ, ನೆರೆಹೊರೆಯ ಕೊಡುಕೊಳ್ಳುವಿಕೆ ಆಗುತ್ತಿತ್ತು. ಆ ದಿನ ಹೋದಂತೆಯೇ ಎಂಬುದು ಅವರ ಅಂಜಿಕೆ. ಕೊಟ್ಟದ್ದನ್ನು ಬೇಡ ಎನ್ನಲೂ ಆಗದು, ಅದು ಅವರಲ್ಲೂ ಮರ್ಯಾದೆಯಲ್ಲ.

"ಅಮ್ಮನಿಗೆ ಈ ಸಲ ನೀನೇ ಉಪವಾಸ," ಎಂದು ಮಗಳು ನಕ್ಕಳು.

ಮರುದಿನ ಬರಿಯ ತಟ್ಟೆ ಕೊಟ್ಟೆ. ಅಜ್ಜಿ ತಟ್ಟೆಯೊಳಗೆ ನೋಡಿದರು, ನನ್ನನ್ನು ನೋಡಿದರು. ನಕ್ಕರು ಎಂದು ಬರೆದು ಹೊಡೆದುಹಾಕಿದೆ. ಖಾತ್ರಿಯಿಲ್ಲ. ಫೋನಿನಲ್ಲಿ ನನ್ನ ಅಮ್ಮ ನಗಲಿಲ್ಲ, ಅದು ಖಾತ್ರಿ. "ಅಯ್ಯೋ ಮಾರಾಯ, ಖಾಲಿ ತಟ್ಟೆ ಕೊಟ್ಯಾ? ಅವ್ರು ನಮ್ಮನ್ನ ಎಂತ ಅಂದ್ಕೊಂಡಾರು!"

ಹಬ್ಬ ಮುಗಿಯಿತು. ವರ್ಕ್‌ಶಾಪಿಗೆ ಹಗಲಿನ ಚಹಾ ಮರಳಿತು. ಆದರೂ ಸಂಜೆ ಮೆಟ್ಟಿಲ ಮೇಲೆ ಅಜ್ಜಿಯ ಉಬ್ಬಸ ಕೇಳುತ್ತಲೇ ಇತ್ತು. ಬೆಲ್ಲ, ಏಲಕ್ಕಿ, ಅವಲಕ್ಕಿಯ ದಿನಗಳನ್ನು ಅವರು ಮತ್ತೆ ಉಣ್ಣಿಸಿ ತೀರಿಸುತ್ತಿದ್ದರು. ಎಲ್ಲ ತೀರುವ ಮೊದಲೇ ನನ್ನ ಟಿಕೆಟ್ಟಿನ ದಿನ ಬಂತು. ಉಳಿದ ಒಂದು ಊಟವನ್ನು ಅದೇ ತಟ್ಟೆಯಲ್ಲಿಟ್ಟು ಬಟ್ಟೆಯಲ್ಲಿ ಕಟ್ಟಿ ಕೈಗಿತ್ತರು. ತಟ್ಟೆ ವಾಪಸ್ ಬೇಡ, ಊಟ ಮಾತ್ರ ಯಾರಿಗೂ ಕೊಡಬೇಡ ಎಂದು ಮಗಳ ಬಾಯಲ್ಲಿ ಹೇಳಿಸಿದರು. ಮರುದಿನ ಬೆಂಗಳೂರಿನಿಂದ ಬರುವ ಬಸ್ಸಿನಲ್ಲಿ, ಬಾಳೆಹೊನ್ನೂರು ದಾಟಿ ಹೊತ್ತು ಮುಳುಗಿದ ಮೇಲೆ ಗಂಟು ಬಿಚ್ಚಿದೆ. ಪಿದೆ ಹಲಗೆಯಂತಾಗಿತ್ತು. ಕಷ್ಟಪಟ್ಟು ಅಗಿದು, ಎಲ್ಲವನ್ನೂ ತಿಂದೆ.

ಅಜ್ಜಿ ಹೋದ ಸುದ್ದಿಯನ್ನು ಮಗಳು ಮುಂದಿನ ರಂಜಾನಿಗೆ ಮೊದಲೇ ತಿಳಿಸಿದ್ದಳು. ಅವರ ಕೊನೆಯ ರಂಜಾನ್ ಲೆಕ್ಕಕ್ಕೆ ಬಂತೋ ಇಲ್ಲವೋ, ಅದನ್ನು ಹೇಳಬಲ್ಲವರು ನನಗೆ ಗೊತ್ತಿಲ್ಲ.

ಮೊನ್ನೆ ಉಳಿದ ಬನ್ನನ್ನು ಮನೆಗೆ ತಂದೆ. ಹೆಂಡತಿ ಅದನ್ನು ನೀಲಿ ಅಂಚಿನ ತಟ್ಟೆಗೆ ಹಾಕಿದಳು. ಆ ತಟ್ಟೆಗೆ ಬೇಡ ಎಂದೆ.

"ಎಂತ ಮಾರಾಯ್ರೆ, ವಾಪಸ್ ಇಸ್ಕೊಳ್ಳೋರೇ ಇಲ್ಲ ಈಗ. ಖಾಲಿ ಇಟ್ಕೊಂಡು ಎಂತ ಮಾಡ್ತೀರಿ?"

ಬನ್ನು ತಿಂದು, ತಟ್ಟೆ ತೊಳೆದು, ಒರೆಸಿ, ನಾಳೆ ವಾಪಸ್ ಕೊಡಲಿಕ್ಕೆಂಬಂತೆ ಬಾಗಿಲ ಹತ್ತಿರ ಖಾಲಿ ಇಟ್ಟೆ.