ನೆಟ್‌ವರ್ಕ್ ನೋಡಿಕೊಳ್ಳಿ ಎಂದು ನಾನು ಬರೆದ ಉತ್ತರಗಳು

ಕಣ್ಣು ಕಾಣದವರಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವ ಸಣ್ಣ ಗುಂಪೊಂದು ಶಿರಸಿಯಲ್ಲಿ ನಮ್ಮದು. ವೆಬ್‌ಸೈಟಿಗೆ ಬರುವ ದೂರುಗಳಿಗೆ ಉತ್ತರಿಸುವುದು ನನ್ನ ಪಾಲಿನ ಕೆಲಸ. ನಮ್ಮ ಸರ್ವರಿನಲ್ಲಿ ಜಾಗ ಕಡಿಮೆ ಇದ್ದುದರಿಂದ ಆಡಿಯೋ ಫೈಲುಗಳನ್ನು ದೂರದ ಬೇರೊಂದು ಸರ್ವರಿನಲ್ಲಿ ಇಟ್ಟಿದ್ದೆವು. ಯಾರಾದರೂ ಪುಸ್ತಕ ಕೇಳಿದರೆ ನಮ್ಮ ಸೈಟಿನ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮು ಅದನ್ನು ಅಲ್ಲಿಂದ ತಂದು ಅವರಿಗೆ ಕೊಡಬೇಕು. ಆ ಸ್ಕ್ರಿಪ್ಟ್ ಬರೆದುಕೊಟ್ಟವನು ಹುಬ್ಬಳ್ಳಿ ಕಡೆಯ ಒಬ್ಬ ಗುತ್ತಿಗೆ ಎಂಜಿನಿಯರ್.

'ಪುಸ್ತಕ ಇಳಿಯುತ್ತಿಲ್ಲ' ಎಂಬ ದೂರು ಬಂದಾಗಲೆಲ್ಲ ನಾನು ಅವನಿಗೆ ಫೋನ್ ಮಾಡುತ್ತಿದ್ದೆ. ಅವನದು ಒಂದೇ ಮಾತು: "ಅಲ್ರಿ ಮೇಡಂ, ಹಳ್ಳ್ಯಾಗ ನೆಟ್‌ವರ್ಕ್ ಎಲ್ಲಿರ್ತೈತ್ರಿ? ಅವರಿಗೇ ನೋಡ್ಕೊಳ್ಳಾಕ ಹೇಳ್ರಿ."

ನಾನು ಅದನ್ನೇ ತಿದ್ದಿ, ನಯವಾಗಿ ಬರೆದು ಕಳಿಸುತ್ತಿದ್ದೆ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನು ಆ ಸ್ಕ್ರಿಪ್ಟನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಒಂದು ಬೆಳಿಗ್ಗೆ ಸಿದ್ದಾಪುರದ ಬಸ್ಸಿನಲ್ಲಿ ಒಬ್ಬ ಹುಡುಗಿ ಬಂದಳು. ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಳು. ಅವಳಿಗೆ ಬೇಕಿದ್ದ ಇತಿಹಾಸದ ಪುಸ್ತಕ ನಮ್ಮಲ್ಲಿ ಮಾತ್ರ ಇತ್ತು. ಕೋಲನ್ನು ಗೋಡೆಗೆ ಒರಗಿಸಿದವಳು ಕುಳಿತುಕೊಳ್ಳಲಿಲ್ಲ, ನಿಂತೇ ತನ್ನ ಹವ್ಯಕ ಕನ್ನಡದಲ್ಲಿ ಶುರುಮಾಡಿದಳು.

"ನೆಟ್‌ವರ್ಕ್ ನೋಡ್ಕಳಿ ಹೇಳಿ ಐದು ಸಲ ಬರದ್ದಿ ನಿಂಗ. ಆನು ಸಿದ್ದಾಪುರದಲ್ಲಿ ನೋಡ್ದಿ, ಯಲ್ಲಾಪುರದಲ್ಲಿ ಅಕ್ಕನ ಮನೆಲೂ ನೋಡ್ದಿ. ಸಣ್ಣ ಪುಸ್ತಕ ಎಲ್ಲಾ ಬತ್ತು, ದೊಡ್ಡದು ಒಂದೂ ಬತ್ತಿಲ್ಲೆ. ಪುಸ್ತಕ ದೊಡ್ಡದೋ ಸಣ್ಣದೋ ಹೇಳಿ ನೆಟ್‌ವರ್ಕಿಗೆ ಗೊತ್ತಾಗ್ತಾ? ಆನು ಕುರುಡಿ ಇರಲಕ್ಕು, ಪೆದ್ದಿ ಅಲ್ಲ."

ನಮ್ಮ ಆಫೀಸಿನ ವೈಫೈಗೇ ಅವಳ ಫೋನ್ ಜೋಡಿಸಿದೆ. ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ ಫೋನಿನ ಯಂತ್ರಧ್ವನಿ, "ಡೌನ್‌ಲೋಡ್ ವಿಫಲವಾಗಿದೆ" ಎಂದಿತು.

ಆಗ ಸ್ಕ್ರಿಪ್ಟ್ ತೆರೆದೆ. ಇದ್ದದ್ದು ಹತ್ತೇ ಸಾಲು. ದೂರದ ಫೈಲನ್ನು ಪೂರ್ತಿಯಾಗಿ ತನ್ನ ಮೆಮೊರಿಯೊಳಗೆ ತುಂಬಿಕೊಂಡ ಮೇಲೆಯೇ ಅದು ಓದುಗರಿಗೆ ಮೊದಲ ತುಣುಕು ಕಳಿಸುತ್ತಿತ್ತು. ಪುಸ್ತಕ ದೊಡ್ಡದಾದರೆ ಮೆಮೊರಿ ಸಾಲದೆ ಅರ್ಧದಲ್ಲೇ ಸಾಯುತ್ತಿತ್ತು. ಸರ್ವರ್ ತಪ್ಪುಗಳನ್ನು ಬರೆದಿಡುವ ಲಾಗ್ ಫೈಲಿನಲ್ಲಿ ವರ್ಷಕ್ಕೂ ಹಿಂದಿನಿಂದ ಅದೇ ತಪ್ಪು, ಸಾಲು ಸಾಲಾಗಿ. ಯಾರೂ ಓದಿರಲಿಲ್ಲ.

ಎಂಜಿನಿಯರನಿಗೆ ಫೋನ್ ಮಾಡಿದೆ. "ಹೌದ್ರಿ, ದೊಡ್ಡ ಫೈಲಿಗೆ ಹಂಗ ಆಗ್ತೈತ್ರಿ" ಎಂದ, ಮಳೆ ಬರುತ್ತದೆ ಎನ್ನುವಷ್ಟು ಸಲೀಸಾಗಿ.

"ಗೊತ್ತಿತ್ತಾ ನಿಮಗೆ?"

"ಎಷ್ಟ್ ಮಂದಿ ಕೇಳ್ತಾರ್ರಿ ಅಷ್ಟ್ ದೊಡ್ಡ ಪುಸ್ತಕ?"

"ಕೇಳಿದವರು ನನ್ನ ಎದುರಿಗೆ ನಿಂತಿದಾರೆ. ಹೇಳಿ ಅವರಿಗೆ" ಎಂದು ಕಿರುಚಿ ಸ್ಪೀಕರ್ ಹಾಕಿದೆ. ಅವನು ಲೈನ್ ಕತ್ತರಿಸಿದ.

ನಾನೇ ಕುಳಿತು ಬದಲಿಸಿದೆ. ದೂರದ ಫೈಲಿನಿಂದ ಒಂದು ತುಣುಕು ಓದುವುದು, ಓದುಗರಿಗೆ ಕಳಿಸುವುದು, ಅದನ್ನು ಮೆಮೊರಿಯಿಂದ ಅಳಿಸಿ ಮುಂದಿನದಕ್ಕೆ ಹೋಗುವುದು. ಮೊದಲ ಸಲ ಹೀಗೂ ನಡೆಯಲಿಲ್ಲ. ನಾನು ಕಳಿಸಿದ ತುಣುಕುಗಳನ್ನು ಸ್ಕ್ರಿಪ್ಟಿನ ಬಫರ್ ಎಂಬ ತಾತ್ಕಾಲಿಕ ಸಂಗ್ರಹ ಹೊರಬಿಡದೆ ಕೂಡಿಹಾಕಿಕೊಳ್ಳುತ್ತಿತ್ತು. ಅದನ್ನೂ ನಿಲ್ಲಿಸಿದೆ. ಮಧ್ಯಾಹ್ನದ ಊಟದ ಹೊತ್ತಿನೊಳಗೆ ಮುಗಿದ ಕೆಲಸ. ಅವಳ ಫೋನ್ ಶೇಕಡಾ ಒಂದು, ಎರಡು, ಮೂರು ಎನ್ನತೊಡಗಿದಾಗ ಸಂತೋಷಕ್ಕಿಂತ ಮೊದಲು ಉಕ್ಕಿದ್ದು ಸಿಟ್ಟು. ಇಷ್ಟಕ್ಕಾಗಿ ಇವಳು ಐದು ಪತ್ರ ಬರೆದು, ಬಸ್ ಹಿಡಿದು ಬರಬೇಕಾಯಿತೇ?

"ತಪ್ಪಾಯ್ತು" ಎಂದೆ.

"ಅದಿರ್ಲಿ. ಇದೇ ಉತ್ತರ ಇನ್ನೂ ಎಷ್ಟು ಜನಕ್ಕೆ ಬರದ್ದಿ?"

ಅವಳು ಪುಸ್ತಕವನ್ನು ಎರಡರಷ್ಟು ವೇಗದಲ್ಲಿ ಕೇಳಿ, ಪರೀಕ್ಷೆ ಬರೆದು ಪಾಸಾದಳು. ನಾನು ಹಳೆಯ ಪತ್ರಗಳನ್ನೆಲ್ಲ ತೆಗೆದು, ತಪ್ಪು ನಮ್ಮದೇ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಇಡಗುಂದಿಯವರೊಬ್ಬರು ಅಂದೇ ಪುಸ್ತಕ ಇಳಿಸಿಕೊಂಡರು. ಬನವಾಸಿ ಹತ್ತಿರದ ಇನ್ನೊಬ್ಬರು ಪೂರ್ತಿ ಕೇಳಿಸಿಕೊಂಡು ಹೇಳಿದರು:

"ಇರ್ಲಿ ಬಿಡ್ರಿ ಮೇಡಂ. ನೀವು ನೆಟ್‌ವರ್ಕ್ ಇಲ್ಲ ಅಂದ್ರಿ, ನನ್ನ ಊರಿಂದೇ ತಪ್ಪು ಅಂದ್ಕೊಂಡೆ. ಓದೋದು ಬಿಟ್ಟು ವರ್ಷ ಆತು."