ಬಾಳೆಮೀನಿಗೆ ಒಂದು ಶಾಲು

ನಮ್ಮ ಅಫಜಲಪುರದ ಕಡೆ ಸನ್ಮಾನ ಮಾಡಿಸಿಕೊಳ್ಳದೆ ಯಾರೂ ಪಾರಾಗುವ ಹಾಗಿಲ್ಲ. ವರ್ಗವಾಗಿ ಬಂದವರಿಗೊಂದು ಶಾಲು, ವರ್ಗವಾಗಿ ಹೋಗುವವರಿಗೆ ಇನ್ನೊಂದು. ಪಿಯುಸಿ ಪಾಸಾದರೂ ಶಾಲು, ಆಪರೇಷನ್ ಮಾಡಿಸಿಕೊಂಡು ಜೀವಂತ ಬಂದರೂ ಶಾಲು. ನಾನು ಶಾಲೆಯಿಂದ ನಿವೃತ್ತಳಾದ ಮೇಲೂ ಇಂಥ ಸಮಾರಂಭಗಳ ನಿರೂಪಣೆ ನನ್ನ ಕೊರಳಿಗೇ ಬಿದ್ದಿದೆ. ನನ್ನ ದನಿ ದೊಡ್ಡದಂತೆ, ಮೈಕು ಕೆಟ್ಟರೂ ನಡೆಯುತ್ತದಂತೆ. ಹೀಗಾಗಿ ಒಂದು ಮೀನಿಗೆ ಸನ್ಮಾನ ಗೊತ್ತುಮಾಡಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಸಿಟ್ಟು ಬಂತು.

ಭೀಮಾ ನದಿಯಲ್ಲಿ ಹಿಂದೆ ಇದ್ದ ದೈತ್ಯ ಮೀನುಗಳು ಇನ್ನೂ ಉಳಿದಿವೆಯೇ ಎಂದು ಹುಡುಕಲು ಒಬ್ಬ ಸಂಶೋಧಕರು ಬಂದಿದ್ದರು. ಸೊನ್ನ ಬ್ಯಾರೇಜಿನ ಹಿನ್ನೀರಿನ ದಂಡೆಗಿರುವ ನಮ್ಮೂರಲ್ಲೇ ಬೇಸಿಗೆಯಿಡೀ ಉಳಿದರು. ಬಿಸಿಲಲ್ಲಿ ದೋಣಿಯಲ್ಲಿ ತಿರುಗಿ ಮುಖ ಕರ್ರಗಾಯಿತೇ ಹೊರತು, ಸಿಕ್ಕಿದ್ದೆಲ್ಲ ಅಂಗೈ ಅಗಲದ ಜಿಲೇಬಿ ಮೀನು. ಕೊನೆಗೆ, ಮೊದಲ ಮಳೆ ಬಿದ್ದ ಮೇಲೆ, ನಮ್ಮ ಓಣಿಯ ಖಾಲಾನ ಬಲೆಗೆ ಬಾಳೆಮೀನು ಬಿತ್ತು. ಖಾಲಾ ಅಂದರೆ ಚಿಕ್ಕಮ್ಮ; ಓಣಿಗೆಲ್ಲ ಖಾಲಾ ಆದ ಈಕೆ ಗಂಡ ತೀರಿದ ಮೇಲೂ ಬಲೆ ಕೈಬಿಡದ ಹೆಂಗಸು. ಮೀನಿಗೆ ಹುರುಪೆಯಿಲ್ಲದ ನುಣುಪು ಮೈ, ಉದ್ದ ಮೀಸೆ, ಅಗಲ ಬಾಯಿ. ನೆಟ್ಟಗೆ ಹಿಡಿದರೆ ನನ್ನ ಭುಜಕ್ಕೆ ಬರುವಂತಿತ್ತು. ಸಂಶೋಧಕರ ಕಣ್ಣಲ್ಲಿ ನೀರಾಡಿತು. "ಹೊಟ್ಟೆ ತುಂಬಾ ಮೊಟ್ಟೆ ಇದೆ. ಅಳತೆ ತೆಗೆದು ಈಗಲೇ ಬಿಟ್ಟುಬಿಡಬೇಕು" ಎಂದರು.

"ಸುಮ್ಮ ಹೆಂಗ ಬಿಡ್ತೀರಿ ಸರ?" ಎಂದರು ಊರಿನ ಸಂಘದ ಅಧ್ಯಕ್ಷರು. "ಇಂಥಾ ಮೀನ ನಮ್ಮೂರಿಗಿ ಬಂದದ. ಒಂದ ಶಾಲರ ಹೊಚ್ಚಬ್ಯಾಡೇನ್ರಿ? ಜಿಲ್ಲಾದ ದೊಡ್ಡ ಸಾಹೇಬ್ರನ್ನ ಮುಖ್ಯ ಅತಿಥಿ ಮಾಡೂಣು, ಮಧ್ಯಾಹ್ನ ಬರ್ತಾರ, ಅವರ ಕೈಲಿಂದೇ ಬಿಡಸೂಣು."

ಸಂಶೋಧಕರು ಬೇಡವೆಂದು ಬಹಳ ಹೇಳಿದರು. ಅಧ್ಯಕ್ಷರು ಅವರ ಅಂಗಿಗೆ ಜರಿಯ ಬ್ಯಾಡ್ಜು ಚುಚ್ಚಿ, ವೇದಿಕೆಯ ಮೇಲೆ ಕುರ್ಚಿ ಕೊಟ್ಟರು. ಆಮೇಲೆ ಅವರೂ ಭಾಷಣದ ತಯಾರಿಗೆ ಕೂತರು. ಕುರ್ಚಿಯ ಗುಣವೇ ಅಂಥದ್ದು.

ಆಳಂದದ ಗಾಣದಿಂದ ತಂದಿಟ್ಟಿದ್ದ ಬೆಲ್ಲ ಕಾಯಿಸುವ ದೊಡ್ಡ ಕಡಾಯಿಗೆ ಹೊಳೆಯ ರಾಡಿ ನೀರು ತುಂಬಿ ಮೀನನ್ನು ಅದರಲ್ಲಿ ಬಿಟ್ಟರು. ಮೇಲೊಂದು ಚೆಂಡುಹೂವಿನ ಹಾರ. ದಂಡೆಯ ಮೇಲೆ ಪೆಂಡಾಲು ಎದ್ದಿತು. ಮುಖ್ಯ ಅತಿಥಿಗಳು ಜೇವರ್ಗಿ ದಾಟಿಲ್ಲ ಎಂಬ ಸುದ್ದಿ ಬಂತು. ಅಲ್ಲಿ ಅವರಿಗೇ ಒಂದು ಸನ್ಮಾನ ನಡೆದಿತ್ತು. ನಾನು ಸ್ವಾಗತ ಮಾಡಿದೆ, ಪ್ರಾರ್ಥನೆ ಹಾಡಿಸಿದೆ, ಮತ್ತೆ ಸ್ವಾಗತ ಮಾಡಿದೆ. ವೇದಿಕೆಯ ಮೇಲೆ ಜಲಚರ ಪ್ರೇಮದ ಬಗ್ಗೆ ಒಬ್ಬರಾದ ಮೇಲೊಬ್ಬರು ಮಾತಾಡಿದರು. ಕಡಾಯಿಯೊಳಗಿನ ಜಲಚರ ಮಾತ್ರ ನೀರ ಮೇಲೆ ಬಾಯಿ ತಂದು ಉಸಿರಿಗೆ ಒದ್ದಾಡುತ್ತಿತ್ತು. ಇದೊಂದು ಸತ್ತರೆ ಅದರೊಳಗಿನ ಸಂಸಾರವೆಲ್ಲ ಸತ್ತಂತೆ.

ಅಷ್ಟರಲ್ಲಿ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಹಲಗೆ ಬಾರಿಸುವವರು, ಅಧ್ಯಕ್ಷರು, ಸಂಶೋಧಕರು, ಊರಿಗೆ ಊರೇ ಅತಿಥಿಗಳನ್ನು ಎದುರುಗೊಳ್ಳಲು ಓಡಿತು. ಪೆಂಡಾಲಿನಲ್ಲಿ ಉಳಿದವರು ಮೈಕು ಹಿಡಿದ ನಾನು, ಕಡಾಯಿಯ ಪಕ್ಕ ಕೂತ ಖಾಲಾ.

"ಟೀಚರ್ರ, ಇದರ ದಮ್ಮ ಮುಗೀಲಾಕತ್ತದ" ಎಂದಳು ಖಾಲಾ.

"ಜಲ್ದಿ ಏಳ ಖಾಲಾ" ಎಂದೆ.

ತಟ್ಟೆಯಲ್ಲಿ ಹಣ್ಣಿನ ಜೊತೆ ಶಾಲು ಇತ್ತು. ಅದನ್ನೇ ಕಡಾಯಿಯಲ್ಲಿ ಇಳಿಬಿಟ್ಟು, ಮೀನನ್ನು ಜೋಳಿಗೆಯಂತೆ ಎತ್ತಿಕೊಂಡು, ಇಬ್ಬರೂ ಏದುಸಿರು ಬಿಡುತ್ತ ಹೊಳೆಗಿಳಿದೆವು. ನೀರು ಮೊಳಕಾಲು ಮುಟ್ಟಿದಾಗ ಶಾಲು ಸಡಿಲಬಿಟ್ಟೆವು. ಮೀನು ಸ್ವಲ್ಪ ಹೊತ್ತು ವಾಲಿಕೊಂಡೇ ಇತ್ತು. ಆಮೇಲೆ ಬಾಲ ಒಮ್ಮೆ ಬಡಿದು, ನನ್ನ ಸೀರೆಯನ್ನೆಲ್ಲ ತೋಯಿಸಿ, ಆಳಕ್ಕೆ ಹೋಯಿತು. ಖಾಲಾ ನಕ್ಕಳು, ನನಗೆ ಅಳು ಬಂತು.

ಶಾಲು ಹಿಂಡಿ, ಮಡಿಸಿ ತಟ್ಟೆಯಲ್ಲಿಡುವುದರೊಳಗೆ ಅತಿಥಿಗಳು ಬಂದೇಬಿಟ್ಟರು. ಅವಸರದಲ್ಲಿದ್ದರು. ಅಧ್ಯಕ್ಷರು ಆ ಶಾಲನ್ನು ಮೀನಿನ ಬದಲು ಅವರಿಗೇ ಹೊದಿಸಿದರು. ಅತಿಥಿಗಳು ಮೂಗು ಸಿಂಡರಿಸಿದರೂ ಫೋಟೋ ಮುಗಿಯುವವರೆಗೆ ತಡೆದುಕೊಂಡರು. ಆಮೇಲೆ ನಾಲ್ಕು ಮಂದಿ ಕಡಾಯಿಯನ್ನು ನೀರಿನಂಚಿಗೆ ಎಳೆದರು, ಅತಿಥಿಗಳು ಕೈ ಹಚ್ಚಿ ಬಗ್ಗಿಸಿದರು. ರಾಡಿ ನೀರಿನ ಜೊತೆ ಚೆಂಡುಹೂವು ದಡಬಡ ಹೊಳೆಗೆ ಬಿತ್ತು.

"ಹೋತ ನೋಡ್ರಿ, ಹೋತ!" ಎಂದು ಅಧ್ಯಕ್ಷರು ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೀನು ಹೊರಳಿ ಸಾಹೇಬರಿಗೆ ನಮಸ್ಕಾರ ಮಾಡಿತು ಎಂದು ಒಬ್ಬ ಆಣೆ ಹಾಕಿದ. ಸಂಶೋಧಕರು ಮಾತ್ರ ನನ್ನ ಒದ್ದೆ ಸೀರೆಯನ್ನೊಮ್ಮೆ ನೋಡಿ, ತಲೆ ತಗ್ಗಿಸಿ, ಬ್ಯಾಡ್ಜು ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಈ ವರ್ಷ ಮಳೆ ಶುರುವಾಗುತ್ತಲೇ ಅಧ್ಯಕ್ಷರು ಮನೆಗೆ ಬಂದರು. "ಟೀಚರ್ರ, ಮೀನ ಬಿಟ್ಟಿದ್ದಕ್ಕ ವರ್ಷ ಆತ್ರಿ. ವಾರ್ಷಿಕೋತ್ಸವ ಮಾಡೂಣು ಅಂತೇವಿ. ಅದನ್ನ ಮತ್ತೊಮ್ಮಿ ಹಿಡಿದು ತರಬೇಕಲ್ಲ, ಯಾವ ಮಡುವಿನ್ಯಾಗ ಇರ್ತದಂತ ಖಾಲಾಗ ಕೇಳಿ ಹೇಳ್ರಿ."

ನಾನು ಮುಖ ಸಪ್ಪಗೆ ಮಾಡಿಕೊಂಡು, "ಅದು ಸತ್ತು ಹೋತಂತ್ರಿ" ಎಂದೆ.

ಅಧ್ಯಕ್ಷರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಿಜಕ್ಕೂ ನೊಂದುಕೊಂಡರು ಪಾಪ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಸುಧಾರಿಸಿಕೊಂಡು, "ಹಂಗಾದ್ರ ಶ್ರದ್ಧಾಂಜಲಿ ಸಭಾ ಇಡೂಣು. ನಿರೂಪಣಾ ನೀವೇ ಮಾಡಬೇಕು ಮತ್ತ" ಎಂದರು.

ನಾನು ಹುಟ್ಟಿದಾಗಿನಿಂದ ಯಾವ ಸಭೆಗೂ ಇಷ್ಟು ಖುಷಿಯಿಂದ ಒಪ್ಪಿಕೊಂಡಿಲ್ಲ. ಈ ಸಭೆಗೆ ಮೀನು ಬರಬೇಕಾಗಿಲ್ಲ.